ನಾ ಸುಮ್ಮನಾದ್ರೆ ಹಸು ಮಾರಿದೆ ಅಂತಲ್ಲ

ಮೂವತ್ತೊಂದು ವರ್ಷದ ಹಿಂದೆ, ಲುಂಡೀನ್ ಊರಿನ ದನದ ಹರಾಜು ಕಟ್ಟೆಯ ಕ್ಯಾಂಟೀನಿನಲ್ಲಿ, ಅರ್ಧ ತಿಂದ ಒಣದ್ರಾಕ್ಷಿ ಪೈ ಮುಂದಿಟ್ಟುಕೊಂಡು ಆರ್ಲನ್ ಹೌಗನ್ ಒಂದು ಮಾತು ಕೊಟ್ಟಿದ್ದರು. ಆಗ ಅವರಿಗೆ ಇಪ್ಪತ್ತಮೂರು. ಹರಾಜು ಕೂಗುವುದನ್ನು ಕಲಿಸುವ ಶಾಲೆಯಲ್ಲಿ ಎರಡು ವಾರ ನಾಲಗೆ ಹೊರಳಿಸಿ ಬಂದು, ಅಂದೇ ಮೊದಲ ಸಲ ಮೈಕಿನ ಮುಂದೆ ಕೂತಿದ್ದರು. ಎರಡನೇ ಲಾಟಿಗೇ, ಅಂದರೆ ಒಟ್ಟಿಗೆ ಮಾರುವ ಎರಡನೇ ಗುಂಪಿನ ಹಸುಗಳಿಗೇ, ಬಾಯಿ ಕಟ್ಟಿಹೋಯಿತು. ಬೆಂಚುಗಳ ಮೇಲೆ ನಗು ಶುರುವಾಯಿತು. ಆಗ ಊರಾಚೆ ದಿಬ್ಬದ ಮೇಲೆ ಹಸು ಸಾಕುತ್ತಿದ್ದ ಇನೆಜ್ ಟ್ವೇಟ್ ಎಂಬಾಕೆ ಮುಂದಿನ ಸಾಲಿನಿಂದ ಇಡೀ ಕಟ್ಟೆಗೆ ಕೇಳುವಂತೆ ಹೇಳಿದರು: "ಲೋ ಹುಡುಗ, ಉಸಿರು ತಗೋ. ಹಸುಗಳು ಎಲ್ಲೂ ಓಡಿಹೋಗಲ್ಲ."

ಹುಡುಗ ಉಸಿರು ತಗೊಂಡ. ಹಸುಗಳು ಮಾರಾಟವಾದವು. ಸಂಜೆ ಪೈ ತಿನ್ನುತ್ತ ಆರ್ಲನ್ ಆಕೆಗೆ ಹೇಳಿದ್ದು ಇಷ್ಟು: "ಇನೆಜ್, ನೀವು ದನ ಸಾಕೋದು ಬಿಡೋ ದಿನ ನಿಮ್ಮ ಮಂದೇನ ನಾನೇ ಕೂಗಿ ಮಾರ್ತೀನಿ. ಮೊದಲ್ನೇ ಹಸುವಿಂದ ಕೊನೇ ಹಸುವರೆಗೂ. ಬೇರೆಯವರ ಬಾಯಿಗೆ ಬಿಡಲ್ಲ."

"ಹೇಳಿದ್ದೀಯ. ನೆನಪಿಟ್ಕೊಂಡಿರ್ತೀನಿ," ಎಂದ ಇನೆಜ್, ಅವರ ತಟ್ಟೆಯಲ್ಲಿ ಉಳಿದಿದ್ದ ಪೈಯನ್ನು ಎಳೆದುಕೊಂಡು ತಾವೇ ತಿಂದು ಮುಗಿಸಿದರು.

ಆ ದಿನ ಈಗ ಬಂದಿದೆ. ಇವತ್ತೇ, ನವೆಂಬರಿನ ಈ ಬುಧವಾರ. ಬಂದದ್ದು ಮಾತ್ರ ಬರಬಾರದ ಹೊತ್ತಿಗೆ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒಣಹುಲ್ಲಿನ ಮೇಲೆ ಹಿಮ ಬೂದಿಯಂತೆ ಕೂತಿದೆ. ಆರ್ಲನ್ ತಮ್ಮ ಮನೆಯ ಹಿಂದಿನ ಬೇಲಿಯುದ್ದಕ್ಕೂ ನಡೆಯುತ್ತ ಕಂಬಗಳನ್ನು ಮಾರುತ್ತಿದ್ದಾರೆ. ಹರಾಜು ಕೂಗುವವರೆಲ್ಲ ಹೀಗೇ ಕಲಿಯುವುದು. ಕೊಳ್ಳುವವರಿಲ್ಲದಾಗ ಬೇಲಿ ಕಂಬಗಳನ್ನೋ ಕರೆಂಟಿನ ಕಂಬಗಳನ್ನೋ ಒಂದೊಂದಾಗಿ ಗಾಳಿಗೆ ಮಾರುತ್ತ ಹೋಗುವುದು. ಮೂಗಿಗೂ ಬಾಯಿಗೂ ಉಣ್ಣೆಯ ಮಫ್ಲರ್ ಸುತ್ತಿದ್ದಾರೆ. ಇಲ್ಲಿಯ ಚಳಿಗಾಳಿ ನೇರ ಎದೆಗಿಳಿದರೆ ಒಳಗೆ ಯಾರೋ ಕತ್ತರಿ ಆಡಿಸಿದಂತಾಗುತ್ತದೆ. ಕಂಕುಳಲ್ಲಿ ಸಣ್ಣದೊಂದು ದಿಂಬು. ಕೆಮ್ಮು ಬಂದರೆ ಪಕ್ಕೆಗೆ ಅವುಚಿಕೊಳ್ಳಲು.

"ಇಪ್ಪತ್ತು ಇಪ್ಪತ್ತು ಇಪ್ಪತ್ತೈದು ಯಾರದು, ಐದು ಬಂತು ಐದು ಬಂತು ಮೂವತ್ತು ಯಾರದು, ಮೂವತ್ತಕ್ಕೆ ಮೂವತ್ತಕ್ಕೆ ಬಂತೋ ಮೂವ..."

ಮೂರನೇ ಕಂಬದ ಹತ್ತಿರ ದನಿ ಸೀಳುತ್ತದೆ. ನಿಲ್ಲುತ್ತಾರೆ. ಕಂಬವನ್ನೇ ಹಿಡಿದು ಬಾಗುತ್ತಾರೆ. ತಂತಿಯಾಚೆ ಪಕ್ಕದವರ ಹಸುಗಳು ಮೇಯುವುದು ಬಿಟ್ಟು ನೋಡುತ್ತವೆ.

"ನೋಡಿ, ನೋಡಿ. ಕೊಂಡ್ಕೊಳ್ಳೋ ಮುಖ ನೋಡು ಇವುಗಳದ್ದು!" ಎಂದು ಅವುಗಳ ಮೇಲೆ ರೇಗುತ್ತಾರೆ. ಆಮೇಲೆ ಉಸಿರು ತಿರುಗಿದ ಮೇಲೆ: "ಹಿಂದೆ ಒಂದು ದಮ್ಮಿಗೆ ಆ ಮೂಲೆ ಮುಟ್ತಿದ್ದೆ. ಈಗ ಮೂರು ಕಂಬ. ಒಂಬತ್ತು ತಿಂಗಳಾಯ್ತು ಸ್ವಾಮಿ. ಒಂಬತ್ತು ತಿಂಗಳಲ್ಲಿ ಒಂದು ಹಸು ಒಂದು ಕರುನೇ ಹಾಕತ್ತೆ. ನಂಗೆ ನಾಲ್ಕನೇ ಕಂಬ ಹುಟ್ಟಲಿಲ್ಲ."

ಇದು ಅಮೆರಿಕದ ನಾರ್ತ್ ಡಕೋಟಾ. ಬುಧವಾರ ಬಂತೆಂದರೆ ಸುತ್ತಲಿನ ದನಗಳೆಲ್ಲ ಲಾರಿ ಹತ್ತಿ ಲುಂಡೀನ್ ಕಟ್ಟೆಗೆ ಬರುತ್ತವೆ. ಸುಗ್ಗಿಯ ದಿನಗಳಲ್ಲಿ ಒಂದೇ ದಿನ ಸಾವಿರಕ್ಕೂ ಹೆಚ್ಚು ದನ. ಅಷ್ಟೂ ದನ ಮೂವತ್ತು ವರ್ಷ ಒಬ್ಬ ಮನುಷ್ಯನ ಬಾಯಿಯ ಮೂಲಕವೇ ಕೈ ಬದಲಾಯಿಸಿದವು. ಗುರುವಾರದ ಪತ್ರಿಕೆಯಲ್ಲಿ ದರ ಬರುತ್ತದೆ, ಕೂಗಿದವನ ಹೆಸರು ಬರುವುದಿಲ್ಲ. ಹೆದ್ದಾರಿಯ ಫಲಕದಲ್ಲಿ ಇರುವುದು ಕಟ್ಟೆಯ ಮಾಲೀಕ ಮೈರನ್ ಅವರ ಹೆಸರು, ಅವರ ಟೊಪ್ಪಿ, ಅವರ ನಗು. ಆರ್ಲನ್ ಮುಖ ಬಲ್ಲವರಿಗಿಂತ ದನಿ ಬಲ್ಲವರೇ ಹೆಚ್ಚು. ಫೋನೆತ್ತಿ ಹಲೋ ಎಂದರೆ ಸಾಕು, ಬಿತ್ತನೆ ಬೀಜದ ಅಂಗಡಿಯವರು "ಎಷ್ಟು ಮೂಟೆ ಆರ್ಲನ್?" ಎನ್ನುತ್ತಿದ್ದರು. ಹೋದ ತಿಂಗಳು ಅದೇ ಅಂಗಡಿಯಾತ "ಯಾರು ಮಾತಾಡ್ತಿರೋದು? ಸ್ವಲ್ಪ ಜೋರಾಗಿ ಹೇಳಿ" ಎಂದ. ಆರ್ಲನ್ ಫೋನ್ ಇಟ್ಟುಬಿಟ್ಟರು. ಬೀಜ ಇನ್ನೂ ಬಂದಿಲ್ಲ.

ಏಟು ಬಿದ್ದದ್ದು ಫೆಬ್ರವರಿಯಲ್ಲಿ. ಅಂದು ಕಟ್ಟೆಯಲ್ಲಿ ಆಳು ಕಡಿಮೆ. ಹಿಂದಿನ ಓಣಿಯಲ್ಲಿ ಒಂದು ಗೂಳಿ ಅಡ್ಡ ನಿಂತು ಮುಂದೆ ಹೋಗಲೊಲ್ಲದು. ಹರಾಜು ಶುರುವಾಗಲು ಇನ್ನೂ ಹೊತ್ತಿದೆ ಎಂದು ಆರ್ಲನ್ ತಾವೇ ಇಳಿದು ಹೋದರು. ಕಬ್ಬಿಣದ ಗೇಟಿಗೆ ಸರಪಳಿ ಹಾಕಲಿಲ್ಲ, ಒಂದು ನಿಮಿಷದ ಕೆಲಸ ತಾನೇ ಎಂದು. "ಗೂಳಿಗೆ ನನ್ನ ಮೇಲೆ ಸಿಟ್ಟೇನಿರಲಿಲ್ಲ ಪಾಪ. ಅದು ಗೇಟಿಗೆ ಗುದ್ದಿತು. ಗೇಟು ನಂಗೆ ಗುದ್ದಿತು. ನನ್ನ ಹಿಂದೆ ಕಂಬ ಇತ್ತು. ಕಂಬ ಯಾಕೆ ಸರಿಯತ್ತೆ?" ಏಳು ಪಕ್ಕೆಲುಬು ಮುರಿದವು. ಒಂದರ ಚೂಪು ಶ್ವಾಸಕೋಶಕ್ಕೆ ಚುಚ್ಚಿ ಅದು ಗಾಳಿ ಹೋದ ಟ್ಯೂಬಿನಂತೆ ಮುದುಡಿತು. ಹೆಲಿಕಾಪ್ಟರಿನಲ್ಲಿ ದೊಡ್ಡಾಸ್ಪತ್ರೆ, ಎದೆಗೆ ನಳಿಗೆ, ಉಸಿರಾಡಿಸುವ ಯಂತ್ರ. ಮೂರು ವಾರದ ಮೇಲೆ ಮನೆ.

ಅಲ್ಲಿಂದ ಶುರುವಾಯಿತು ಸಮಾಧಾನ ಹೇಳುವವರ ಕಾಟ. ಎದುರಾದವರೆಲ್ಲ ಬೆನ್ನು ತಟ್ಟುತ್ತಾರೆ, ಅದೂ ಮುರಿದ ಕಡೆಗೇ. "ನೋಡೋಕೆ ಚೆನ್ನಾಗಿದ್ದೀಯ!" ಎನ್ನುತ್ತಾರೆ. ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು ಮೂಳೆ ಚೆನ್ನಾಗಿ ಕೂಡಿದೆ, ಶ್ವಾಸಕೋಶ ಅರಳಿದೆ ಎನ್ನುತ್ತಾರೆ. ಹಾಗಾದರೆ ಅಂಚೆ ಡಬ್ಬಿಯವರೆಗೆ ಹೋಗಿಬಂದರೆ ಮೆಟ್ಟಿಲ ಮೇಲೆ ಕೂರಬೇಕಾದದ್ದು ಯಾಕೆ? ಬಗ್ಗಿ ಬೂಟಿನ ದಾರ ಕಟ್ಟಿದರೆ ಕಣ್ಣು ಕತ್ತಲೆ ಬರುವುದು ಯಾಕೆ? "ಟೈಮ್ ಬೇಕು ಅಂತಾರೆ. ಎಷ್ಟು ಟೈಮು ಅಂದ್ರೆ, ಒಬ್ಬೊಬ್ಬರಿಗೆ ಒಂದೊಂದು ಥರ ಅಂತಾರೆ. ನಾನು ಹಾಗೆ ಹಸು ಮಾರಿದ್ರೆ ಒದ್ದು ಓಡಿಸ್ತಿದ್ರು," ಎನ್ನುತ್ತಾರೆ ಆರ್ಲನ್.

ಹೆಂಡತಿ ಲವಾನ್ ಕಟ್ಟೆಯ ಕ್ಯಾಂಟೀನ್ ನಡೆಸುತ್ತಾರೆ. ಬೆಳಗಿನ ಜಾವಕ್ಕೇ ಎದ್ದು ಮಾಂಸ ಬೇಯಲಿಟ್ಟು, ಪೈ ಸುಟ್ಟು, ನಡುವೆ ಗಂಡನ ಬೂಟಿನ ದಾರ ಕಟ್ಟಿ ಹೊರಡುತ್ತಾರೆ. ಗಂಡ ಇನ್ನೂ ಮಂಚದ ಮೇಲೆ ಮಲಗಲಾರರು. ಚಪ್ಪಟೆ ಮಲಗಿದರೆ ಎದೆಯ ಮೇಲೆ ಹಸು ಕೂತಂತಾಗುತ್ತದೆ ಎಂದು ಒರಗು ಕುರ್ಚಿಯಲ್ಲೇ ನಿದ್ದೆ. "ಮಲಗು ಅಂದ್ರೆ ಕೂರ್ತಾನೆ, ಕೂರು ಅಂದ್ರೆ ಬೇಲಿ ಮಾರೋಕೆ ಹೋಗ್ತಾನೆ. ಕೇಳಿದ್ರೆ, ಪ್ರಾಕ್ಟೀಸ್ ಅಂತಾನೆ," ಎನ್ನುತ್ತಾರೆ ಲವಾನ್, ಹಿಟ್ಟು ನಾದುತ್ತಲೇ. "ಒಂದಿನ ಪೂರ್ತಿ ಎಳೆದಾಡ್ತಾನೆ. ಎರಡು ದಿನ ಬಿದ್ಕೊಂಡಿರ್ತಾನೆ. ಮತ್ತೆ ಎದ್ದು ಅದೇ ಬೇಲಿ, ಅದೇ ಮೂರು ಕಂಬ. ಇವನ ಜೊತೆ ಬಾಳೋಕಿಂತ ಆ ಗೂಳಿ ಜೊತೆ ಬಾಳಬಹುದಿತ್ತು."

ಆಸ್ಪತ್ರೆಯವರು ಮನೆಗೆ ಕಳಿಸುವಾಗ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು. ಒಳಗೆ ಚೆಂಡು, ಹೊರಗೆ ಕೊಳವೆ. ಬಾಯಿಟ್ಟು ಉಸಿರೆಳೆದರೆ ಚೆಂಡು ಮೇಲೇಳಬೇಕು. ಆರ್ಲನ್ ವಾರಗಟ್ಟಲೆ ಊದಿದರು. ಚೆಂಡು ಜಪ್ಪಯ್ಯ ಎಂದರೂ ಏಳಲಿಲ್ಲ. ಮಾಲು ಕೆಟ್ಟಿದೆ ಎಂದು ತೀರ್ಮಾನಿಸಿ, ಬದಲಿ ಕಳಿಸಿ ಎಂದು ಲವಾನ್ ಕೈಲಿ ಫೋನ್ ಮಾಡಿಸಿದರು. ಬದಲಿ ಬರಲಿಲ್ಲ, ಮಾರಿಬೆಲ್ ಬಂದರು.

ಮಾರಿಬೆಲ್ ಉಸಿರಾಟದ ವ್ಯಾಯಾಮ ಮಾಡಿಸುವವರು. ಫಿಲಿಪೀನ್ಸಿನಿಂದ ಬಂದು ಈ ಚಳಿಯಲ್ಲಿ ಹನ್ನೆರಡು ವರ್ಷ ಕಳೆದಿದ್ದಾರೆ. ಎಲ್ಲರನ್ನೂ ಸರ್ ಎನ್ನುತ್ತಾರೆ, ಬೈಯುವಾಗಲೂ.

"ಸರ್ ಆರ್ಲನ್, ಇದು ಮೈಕ್ ಅಲ್ಲ. ಊದಬೇಡಿ. ಎಳ್ಕೊಳ್ಳಿ."

"ಮೂವತ್ತು ವರ್ಷ ಹೊರಗೆ ಬಿಡೋದೇ ನನ್ನ ಕಸುಬು. ಒಳಗೆ ಎಳ್ಕೊಳ್ಳೋದು ತಾನಾಗೇ ಆಗ್ತಿತ್ತು. ಅದಕ್ಕೂ ಪಾಠ ಬೇಕು ಅಂತ ಯಾರಿಗ್ಗೊತ್ತು?"

ಅವರ ಮಾತು ಸುಳ್ಳಲ್ಲ. ಹರಾಜು ಕೂಗುವವರು ಉಸಿರನ್ನು ನಿಂತು ತೆಗೆದುಕೊಳ್ಳುವುದಿಲ್ಲ, ಕದಿಯುತ್ತಾರೆ. ಎರಡು ಅಂಕಿಗಳ ನಡುವೆ ಒಂದು ಗುಟುಕು, ಯಾರಿಗೂ ಕಾಣದ ಹಾಗೆ. ಆ ಕಳ್ಳತನಕ್ಕೆ ಎದೆ ಪಟಕ್ಕನೆ ಹಿಗ್ಗಬೇಕು. ಆರ್ಲನ್ ಎದೆ ಹಿಗ್ಗಲು ಹೆದರುತ್ತದೆ ಎನ್ನುತ್ತಾರೆ ಮಾರಿಬೆಲ್. ನೋವಿನ ದಿನಗಳಲ್ಲಿ ಹೆಗಲೆತ್ತಿ ಮೇಲುಮೇಲೆ ಉಸಿರಾಡಿ ಅದೇ ಚಾಳಿಯಾಗಿದೆ. ಕೆಳಗಿನ ಸ್ನಾಯು ಕೆಲಸ ಮರೆತಿದೆ. ಅದನ್ನು ಮತ್ತೆ ಕಲಿಸಬಹುದು, ನಿಧಾನವಾಗಿ, ದಿನಾ ಸ್ವಲ್ಪ. ಆದರೆ ಈ ಮನುಷ್ಯನಿಗೆ ಸ್ವಲ್ಪ ಎಂಬುದೇ ಗೊತ್ತಿಲ್ಲ. ದನಿ ಸೀಳುವವರೆಗೆ ನಿಲ್ಲಿಸುವುದಿಲ್ಲ.

"ಮುಗಿಯೋ ಮುಂಚೆ ನಿಲ್ಲಿಸಿ ಸರ್. ನೂರು ಸಲ ಹೇಳಿದ್ದೀನಿ. ಮುಗಿದ ಮೇಲೆ ನಿಲ್ಲಿಸೋದಕ್ಕೆ ನಿಲ್ಲಿಸೋದು ಅನ್ನಲ್ಲ, ಬೀಳೋದು ಅಂತಾರೆ."

"ಮುಗಿಯೋ ಮುಂಚೆ ಯಾವಾಗ ಅಂತ ಹೆಂಗೆ ಗೊತ್ತಾಗತ್ತೆ?"

"ನಿಮಗೆ ಗೊತ್ತಾಗತ್ತೆ. ಗೊತ್ತಾಗಿಯೂ ಮುಂದೆ ಹೋಗ್ತೀರ. ಅದೇ ನಿಮ್ಮ ಕಾಯಿಲೆ."

ಅಷ್ಟು ದಿನ ಬದಲಿ ಕೂಗುವವರು ಬಂದು ಕಟ್ಟೆ ನಡೆಸಿದ್ದರು. ಅಕ್ಟೋಬರಿನಲ್ಲಿ ಆರ್ಲನ್ ಯಾರ ಮಾತೂ ಕೇಳದೆ ಮೈಕಿನ ಮುಂದೆ ಕೂತರು. ಈ ಕಟ್ಟೆಯಲ್ಲಿ ಒಂದು ಪದ್ಧತಿಯಿದೆ. ಕೂಗು ಓಡುತ್ತಿರುವಷ್ಟು ಹೊತ್ತು ಹರಾಜು. ಕೂಗು ನಿಂತಿತೋ, ಕೊನೆಯ ಬೆಲೆ ಹೇಳಿದವನಿಗೆ ದನ ಹೋಯಿತು. ಸುತ್ತಿಗೆ ಹೊಡೆಯುವ ಶಾಸ್ತ್ರವನ್ನೆಲ್ಲ ಇಲ್ಲಿ ಬಿಟ್ಟು ಯಾವ ಕಾಲವಾಯಿತೋ. ಡ್ವೇನ್ ಎಂಬ ದಲ್ಲಾಳಿಯೂ ಪಕ್ಕದ ರಾಜ್ಯ ಮೊಂಟಾನಾ ಕಡೆಯ ಇನ್ನೊಬ್ಬ ದಲ್ಲಾಳಿಯೂ ಪೈಪೋಟಿಗೆ ಬಿದ್ದಿದ್ದಾಗ ನಡುವೆ ಆರ್ಲನ್ ಉಸಿರು ಕಟ್ಟಿತು. ಬರೀ ಒಂದು ಉಸಿರಿನ ಮೌನ. ಡ್ವೇನ್ ತನಗೆ ಬಂತೆಂದು ಕೈಯೆತ್ತಿದ. ಗೇಟಿನವನು ಗೇಟು ತೆಗೆದ. ಹಸುಗಳು ಹೊರಗೆ ಹೋದವು, ಮುಂದಿನ ಲಾಟು ಒಳಗೆ ಬಂತು. ಮೊಂಟಾನಾದವನು ಎದ್ದುನಿಂತು, "ನಾನಿನ್ನೂ ಮೇಲೆ ಹೋಗ್ತಿದ್ದೆ, ಇದೇನು ಅನ್ಯಾಯ!" ಎಂದು ಕೂಗಾಡಿದ. ಡ್ವೇನ್, "ಬಾಯಿ ಮುಚ್ಚಿದ್ಮೇಲೆ ಮುಗೀತು!" ಎಂದ. ಆರ್ಲನ್‌ಗೆ ಇಬ್ಬರನ್ನೂ ಬೈಯಬೇಕಿತ್ತು. ಬೈಯಲು ಉಸಿರಿರಲಿಲ್ಲ.

ಮೈರನ್ ಮೈಕು ಕಸಿದುಕೊಂಡರು. ಮುಂದಿನ ವಾರದಿಂದ ಪಕ್ಕದ ಊರಿನ ಕೆಂಡ್ರಾ ಕೂಗತೊಡಗಿದರು. ಮೂವತ್ತು ದಾಟದ ಹೆಣ್ಣು, ಬಾಯಿ ಹೊಲಿಗೆ ಯಂತ್ರದಂತೆ. "ಒಂದು ತಪ್ಪಾದ್ರೂ ಮಾಡಬಾರದಾ ಆಕೆ?" ಎಂದು ಆರ್ಲನ್ ನರಳುತ್ತಾರೆ. "ಬೈಯೋಕೂ ಏನೂ ಸಿಗಲ್ಲ. ಮೇಲಿಂದ ಮರ್ಯಾದಸ್ತೆ ಬೇರೆ. ವಾರವಾರವೂ ಬಂದು ಹೇಗಿದ್ದೀರಾ ಅಂತ ಕೇಳ್ತಾಳೆ."

ಅಷ್ಟರಲ್ಲಿ ಇನೆಜ್ ಅವರ ಮಂಡಿ ಕೈಕೊಟ್ಟಿತು. ಎಪ್ಪತ್ತೊಂಬತ್ತರ ಹೆಂಗಸು. ಹುಲ್ಲುಗಾವಲನ್ನು ಹೊಸ ವರ್ಷದಿಂದ ಪಕ್ಕದವರಿಗೆ ಗುತ್ತಿಗೆ ಕೊಟ್ಟು, ಪೇಟೆಯಲ್ಲಿ ತಂಗಿಯ ಮನೆ ಪಕ್ಕ ಲಿಫ್ಟ್ ಇರುವ ಮನೆ ಹಿಡಿದಿದ್ದಾರೆ. ಗಬ್ಬದ ಹಸುಗಳು ತೊಂಬತ್ತಕ್ಕೆ ಮೇಲಿವೆ, ಇಪ್ಪತ್ತು ಲಾಟು. ವಸಂತದವರೆಗೆ ಕಾಯಲಾಗದು. ಮೈರನ್ ಕೆಂಡ್ರಾ ಹೆಸರು ಹೇಳಿದಾಗ ಇನೆಜ್, "ಆರ್ಲನ್ ಒಂದು ಮಾತು ಕೊಟ್ಟಿದಾನೆ. ಅವನೇ ಆಗಲ್ಲ ಅಂದ್ರೆ ನೋಡೋಣ," ಎಂದರು. ಆರ್ಲನ್ ಆಗಲ್ಲ ಎನ್ನಲಿಲ್ಲ.

"ಇದು ಆಕೆಯ ಇಡೀ ಬದುಕಿನ ಮಂದೆ, ಆರ್ಲನ್," ಎಂದು ಮೈರನ್ ತಲೆ ಹಿಡಿದುಕೊಂಡರು. "ಅಕ್ಟೋಬರ್ ಥರ ಆದ್ರೆ?"

"ಆಗಲ್ಲ."

"ಏನು ಗ್ಯಾರಂಟಿ?"

ಗ್ಯಾರಂಟಿ ಕೊಟ್ಟವರು ಲವಾನ್. ಅಡುಗೆಮನೆಯಿಂದ ಮಾಂಸ ಜಜ್ಜುವ ಮರದ ಕೊಡತಿ ತಂದು ಗಂಡನ ಮುಂದೆ ಕುಕ್ಕಿದರು. "ಬಾಯಿ ನಿಂತ್ರೆ ಗೊಂದಲ ತಾನೇ? ಇದರಲ್ಲಿ ಹೊಡಿ. ಹೊಡೆದ್ರೆ ಮಾರಾಟ. ಹೊಡೀದಿದ್ರೆ ಇಲ್ಲ. ಹರಾಜು ಮುಗಿದ ಕೂಡ್ಲೇ ನಂಗೆ ಅದು ವಾಪಸ್ ಬೇಕು."

ಹತ್ತು ಗಂಟೆಗೆ ಬೆಂಚುಗಳು ತುಂಬಿವೆ. ದಿಬ್ಬದ ಇನೆಜ್ ಹಸುಗಳೆಂದರೆ ದೂರದವರೂ ಬರುತ್ತಾರೆ. ಮರದ ಪುಡಿ ಹಾಸಿದ ಕಣದ ಮೇಲ್ಗಡೆ ಕಟಕಟೆಯಂಥ ಪೆಟ್ಟಿಗೆಯಲ್ಲಿ ಆರ್ಲನ್. ಪಕ್ಕದಲ್ಲಿ, ದನದ ಯಜಮಾನರು ಕೂರುವ ಕುರ್ಚಿಯಲ್ಲಿ ಇನೆಜ್, ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು. ಕೆಳಗೆ ಕಣದಲ್ಲಿ ಬೆಂಚಿನವರ ಕೈ ಗಮನಿಸಲು ಕೆಂಡ್ರಾ. ಬಾಗಿಲ ಬಳಿ ಕಾಫಿ ಹಿಡಿದು ನಿಂತಿರುವವರು ಮಾರಿಬೆಲ್. ಅವರಿಗೆ ಇವತ್ತು ರಜೆ, ಹಸು ಕೊಳ್ಳುವ ಯೋಚನೆಯೇನೂ ಇಲ್ಲ.

"ಇವತ್ತೊಂದು ಹೊಸ ಕಾನೂನು," ಎನ್ನುತ್ತಾರೆ ಆರ್ಲನ್ ಮೈಕಿನಲ್ಲಿ. "ಈ ಕೊಡತಿ ಬಿದ್ರೆ ಮಾರಾಟ. ನಾ ಸುಮ್ಮನಾದ್ರೆ ಹಸು ಮಾರಿದೆ ಅಂತಲ್ಲ, ಉಸಿರು ತಗೋತಿದ್ದೀನಿ ಅಂತ. ಆ ಹೊತ್ತಲ್ಲಿ ನೀವೂ ಸ್ವಲ್ಪ ಯೋಚಿಸ್ಕೊಳ್ಳಿ. ಡ್ವೇನ್, ಇದು ನಿಂಗೇ ಹೇಳ್ತಿರೋದು."

"ಯೋಚಿಸೋಕೆ ಬಿಟ್ರೆ ನಾನು ಕೊಳ್ಳೋದೇ ಇಲ್ಲ ಮಾರಾಯ!" ಡ್ವೇನ್ ಕೂಗುತ್ತಾನೆ. ಬೆಂಚುಗಳೆಲ್ಲ ನಗುತ್ತವೆ. ನಗದವರು ಮೈರನ್ ಒಬ್ಬರೇ.

ಮೊದಲ ಲಾಟು ಒಳಗೆ ಬರುತ್ತದೆ. ಕೂಗು ಹೊರಡುತ್ತದೆ. ಅದು ಹಳೆಯ ಓಟವಲ್ಲ, ನಡಿಗೆ. ಅಂಕಿಯ ಮೇಲೆ ಅಂಕಿ ಇಟ್ಟು, ನಿಂತು, ತುಟಿ ಮುಚ್ಚಿ ಮೂಗಿನಿಂದ ಎಳೆದು, ಮತ್ತೆ. ಆ ಮೌನಗಳು ಬೆಂಚಿನವರಿಗೆ ಒಗ್ಗುವುದಿಲ್ಲ. ಒಬ್ಬ ಕೆಮ್ಮುತ್ತಾನೆ, ಒಬ್ಬ ಟೊಪ್ಪಿ ತೆಗೆದು ಹಾಕುತ್ತಾನೆ, ಕೆಂಡ್ರಾ ಅದನ್ನೇ ಬೆಲೆ ಎಂದು ಹಿಡಿದು "ಹೋ!" ಎನ್ನುತ್ತಾರೆ, ಆತ ಇಲ್ಲ ಇಲ್ಲ ಎಂದು ಕೈಯಾಡಿಸುತ್ತಾನೆ. ಕೊಡತಿ ಬೀಳುತ್ತದೆ. ಇನೆಜ್ ಬೆಚ್ಚಿ, ಈ ಕಡೆಯ ನಾರ್ವೆ ಮೂಲದವರ ಉದ್ಗಾರ ತೆಗೆಯುತ್ತಾರೆ. "ಉಫ್ ಡಾ! ಮೆತ್ತಗೆ ಹೊಡಿಯೋ, ನಾನೇನು ಕಿವುಡೀನಾ?"

ಐದು ಲಾಟು. ಹತ್ತು. ಬೆಲೆ ಬಿದ್ದಿಲ್ಲ, ಮೈರನ್ ಎರಡು ಸಲ ಬಂದು ನೋಡಿ ಹೋಗುತ್ತಾರೆ. ಹನ್ನೆರಡನೆಯದರ ಹೊತ್ತಿಗೆ ಕಣದ ದೂಳು ಮೇಲೇಳುತ್ತದೆ. ಆರ್ಲನ್ ಮೈಕಿನಿಂದ ಮುಖ ತಿರುಗಿಸಿ ದಿಂಬು ಅವುಚಿ ಕೆಮ್ಮುತ್ತಾರೆ. ಬೆಂಚಿನವರು ಕಾಯುತ್ತಾರೆ. ಈ ಕಟ್ಟೆಯಲ್ಲಿ ಕೊಳ್ಳುವವರು ಕಾದದ್ದನ್ನು ಯಾರೂ ನೋಡಿಲ್ಲ. ಹದಿನೈದರ ಹೊತ್ತಿಗೆ ಎರಡು ಅಂಕಿಗೊಮ್ಮೆ ಮೌನ. ಹೆಗಲು ಕಿವಿಯವರೆಗೆ ಏರಿದೆ. ಕ್ಯಾಂಟೀನಿನ ಕಿಟಕಿಯಲ್ಲಿ ಲವಾನ್ ಕಾಣುತ್ತಾರೆ, ಕೈಯಲ್ಲಿ ಸೌಟು ಹಾಗೇ ನಿಂತಿದೆ.

ಹದಿನೆಂಟನೇ ಲಾಟಿಗೆ ಕೊಡತಿ ಬೀಳುತ್ತದೆ. ಹತ್ತೊಂಬತ್ತನೆಯದು ಒಳಗೆ ಬರುತ್ತದೆ. ಮುಂದಿರುವುದು ಬಿಳಿಮೊಗದ ಹಸು. ಇನೆಜ್ ಅವರ ಕೈಯಿಂದ ಸೇಬು ತಿಂದು ಬೆಳೆದದ್ದು. ಇನ್ನು ಎರಡೇ. ಆರ್ಲನ್ ಬಾಯಿ ತೆರೆಯುತ್ತಾರೆ. ಎದೆಯ ಎಡಗಡೆ, ಬೇಲಿಯ ಮೂರನೇ ಕಂಬಕ್ಕಿಂತ ಒಂದು ಹೆಜ್ಜೆ ಮುಂಚೆ ದಿನಾ ಆಗುವುದು ಈಗಲೂ ಆಗುತ್ತದೆ: ದನಿ ಇನ್ನೂ ಇದೆ, ಇನ್ನು ಸ್ವಲ್ಪದರಲ್ಲಿ ಇರುವುದಿಲ್ಲ. ಒಂಬತ್ತು ತಿಂಗಳಿನಿಂದ ಅದನ್ನು ದಾಟಿಕೊಂಡೇ ಹೋಗಿದ್ದಾರೆ. ದಾಟಿದರೆ ಈ ಲಾಟು ಮುಗಿಯಬಹುದು. ಕೊನೆಯದಕ್ಕೆ ಏನು ಉಳಿಯುತ್ತದೋ ಗೊತ್ತಿಲ್ಲ. ಇನೆಜ್ ಆರ್ಲನ್ ಕಡೆ ನೋಡುವುದಿಲ್ಲ, ಬಿಳಿಮೊಗದ ಹಸುವನ್ನೇ ನೋಡುತ್ತಿದ್ದಾರೆ. ಮಾರಿಬೆಲ್ ತಮ್ಮ ಕಾಫಿಯನ್ನು ನೋಡುತ್ತಿದ್ದಾರೆ.

ಆರ್ಲನ್ ಕೊಡತಿಯನ್ನು ಕಟಕಟೆಯ ಮೇಲಿಂದ ಕೆಂಡ್ರಾ ಕಡೆಗೆ ಚಾಚುತ್ತಾರೆ.

"ಬಾ. ಕೂಗು."

ಕೆಂಡ್ರಾ ಅಲುಗುವುದಿಲ್ಲ. "ನಿಜವಾಗ್ಲೂ? ಇನ್ನೆರಡೇ ಇದೆ. ನಾವು ಕಾಯ್ತೀವಿ."

"ಉಸಿರಿದ್ದಾಗಲೇ ಹೇಳ್ತಿದ್ದೀನಿ. ಕೂಗು ಅಂದ್ರೆ ಕೂಗು!"

ಕೆಂಡ್ರಾ ಮೆಟ್ಟಿಲು ಹತ್ತಿ ಬಂದು ಕೂಗುತ್ತಾರೆ. ಎರಡು ಲಾಟೂ ಕಾಫಿ ಆರುವುದರೊಳಗೆ ಮುಗಿಯುತ್ತವೆ. ಕೊಡತಿಯನ್ನು ಬಳಸುವುದೇ ಇಲ್ಲ, ಹಳೆಯ ಪದ್ಧತಿಯಂತೆ ಕೂಗು ನಿಂತಲ್ಲೇ ಮಾರಾಟ. ಒಂದು ತಪ್ಪೂ ಮಾಡುವುದಿಲ್ಲ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕೂರಲು ಜಾಗವಿಲ್ಲ. ಪೈ ಖಾಲಿಯಾಗಿದೆ. ಸಾರು ಸುರಿದ ಬೀಫ್ ಸ್ಯಾಂಡ್‌ವಿಚ್ ಮುಂದಿಟ್ಟುಕೊಂಡು ಆರ್ಲನ್, ಇನೆಜ್ ಎದುರೆದುರು ಕೂತಿದ್ದಾರೆ. ಆರ್ಲನ್ ಸೋತು ಮೇಜಿಗೆ ಮೊಳಕೈ ಊರಿದ್ದಾರೆ, ಆದರೆ ಮಾತಾಡಲು ಉಸಿರಿದೆ. ಅಕ್ಟೋಬರಿನಲ್ಲಿ ಇದೇ ಹೊತ್ತಿಗೆ ಅವರನ್ನು ಇಬ್ಬರು ಹಿಡಿದು ಕಾರು ಹತ್ತಿಸಿದ್ದರು.

"ಮಾತು ತಪ್ಪಿದೆ, ಇನೆಜ್."

"ಹೌದು, ತಪ್ಪಿದೀಯ," ಎನ್ನುತ್ತಾರೆ ಇನೆಜ್, ಸಾರಿಗೆ ಉಪ್ಪು ಹಾಕಿಕೊಳ್ಳುತ್ತ. "ನಾನು ಬಂದಿದ್ದು ಹಸು ಮಾರೋಕೆ, ನಿನ್ನ ಹೂಳೋಕಲ್ಲ. ಆ ಹುಡುಗಿ ಚೆನ್ನಾಗಿ ಕೂಗ್ತಾಳೆ ಕಣೋ."

"ಗೊತ್ತು," ಎನ್ನುತ್ತಾರೆ ಆರ್ಲನ್, ಹಲ್ಲು ಕಚ್ಚಿಕೊಂಡು. "ಎಲ್ರೂ ಅದನ್ನೇ ಹೇಳ್ತೀರ."

ಲವಾನ್ ಹಾದುಹೋಗುತ್ತ ಕೊಡತಿ ಎತ್ತಿಕೊಳ್ಳುತ್ತಾರೆ, ಮೂಲೆ ಸೀಳಿದೆ ಎಂದು ಗೊಣಗುತ್ತಾರೆ. ಮಾರಿಬೆಲ್ ಬಂದು ಆರ್ಲನ್, ಇನೆಜ್ ನಡುವೆ ಕುರ್ಚಿ ತುರುಕಿ ಕೂತು, "ಸರ್ ಆರ್ಲನ್, ನಾಳೆ ರೆಸ್ಟ್," ಎನ್ನುತ್ತಾರೆ.

"ನಾಳೆ ಬೇಲಿ."

"ರೆಸ್ಟ್."

"ಎರಡೇ ಕಂಬ ಮಾರಿ ಬರ್ತೀನಿ. ಮೂರನೇದರ ಹತ್ರ ಹೋಗಲ್ಲ. ಆಯ್ತಾ?" ತಟ್ಟೆಯ ಸಾರಿಗೆ ಬ್ರೆಡ್ಡು ಅದ್ದುತ್ತಾರೆ. "ಆ ಮೂಲೆ ಮುಟ್ಟಬೇಕು ಅಂತೇನಿಲ್ಲ ನಂಗೆ. ಬೇಸಿಗೆ ಬರೋದ್ರೊಳಗೆ ನಾಲ್ಕನೇ ಕಂಬ ಮಾರಿದ್ರೆ ಸಾಕು."

ಇನೆಜ್ ಟ್ವೇಟ್‌ಗೆ ಮೂವತ್ತೊಂದು ವರ್ಷದ ಹಿಂದೆ ಕೊಟ್ಟ ಮಾತು ಉಳಿಯಲಿಲ್ಲ. ಕೊನೆಯ ಎರಡು ಲಾಟನ್ನು ಕೆಂಡ್ರಾ ಕೂಗಿದರು.